ದೊಡ್ಡಆಲಹಳ್ಳಿಗೆ ಹೋದ ಬಂಡಿ

ಬೆಂಗಳೂರಿನಿಂದ ದಕ್ಷಿಣಕ್ಕೆ ಸುಮಾರು 55 ಕಿಲೋಮೀಟರುಗಳಷ್ಟು ಸಾಗಿದರೆ ಕನಕಪುರ ದೊರೆಯುತ್ತದೆ. ದೇಗುಲಮಠ, ಮರಳೇಗವಿಮಠಗಳ ಭಕ್ತರಿಗೆ ಈ ತಾಲ್ಲೂಕು ಚಿರಪರಿಚಿತವಾದುದು. ಪಟ್ಟಣವನ್ನು ದಾಟಿ ಸಂಗಮದ ಹಾದಿಯನ್ನು ಹಿಡಿದವರಿಗೆ ಹಿಪ್ಪುನೇರಳೆಯ ತೋಟಗಳು, ರಾಗಿಯ ಹೊಲಗಳು, ತೆಂಗಿನ ಸಾಲುಗಳು, ಅವುಗಳ ನಡುವೆ ಆನೆಯ ಬೆನ್ನಿನಂತೆ ಎದ್ದ ಕಲ್ಲುಬೆಟ್ಟಗಳು ಒಂದಾದ ಮೇಲೊಂದು ಕಾಣಿಸಿಕೊಳ್ಳುತ್ತವೆ. ಕಾಡು ಸಮೀಪಿಸುವುದಕ್ಕೆ ಮುನ್ನ ಈ ಹಾದಿಯಲ್ಲಿ ಸಿಗುವ ಊರು ದೊಡ್ಡಆಲಹಳ್ಳಿ. ಈ ಸೀಮೆಯು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರು ಬಂದಿತು. ರಾಜಕಾರಣವನ್ನು ಬಲ್ಲವರು ಈ ಗ್ರಾಮವನ್ನು ಡಿ.ಕೆ. ಶಿವಕುಮಾರ್ ಅವರ ಹುಟ್ಟೂರೆಂದು ಗುರುತಿಸುತ್ತಾರೆ. ಮೇಕೆದಾಟು ಯೋಜನೆಗಾಗಿ 2022ರ ಜನವರಿ 9ರಂದು ಸಂಗಮದಿಂದ ಹೊರಟ ಪಾದಯಾತ್ರೆಯು ಮೊದಲ ದಿನದ ನಡಿಗೆಯನ್ನು ಮುಗಿಸಿದ್ದೂ ಇಲ್ಲಿಯೇ. ನಾನು ಈ ಊರಿಗೆ ಹೋದದ್ದು ಇವಾವುದರ ಸಲುವಾಗಿಯೂ ಅಲ್ಲ. ನಮ್ಮ ಬಳಗದ ಹಳೆಯ ವಾಹನವೊಂದನ್ನು ಅಲ್ಲಿಯ ರೈತ ಕುಟುಂಬವೊಂದಕ್ಕೆ ಒಪ್ಪಿಸಿ ಬರುವುದಷ್ಟೇ ನನ್ನ ಕೆಲಸವಾಗಿತ್ತು.

ಆ ವಾಹನದ ಜಾತಿಯನ್ನು ನಮ್ಮ ದೇಶದಲ್ಲಿ ‘ಕ್ಯಾಂಪರ್’ ಎಂದು ಕರೆಯುತ್ತಾರೆ. ಮುಂದೆ ಎರಡು ಸಾಲು ಆಸನಗಳು, ಐದು ಜನರಿಗೆ ಸ್ಥಳ. ಹಿಂದೆ ಸರಕು ಹೇರುವ ತೆರೆದ ತೊಟ್ಟಿ. ನಮ್ಮದು ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಸಾಗುವ, ಜನರು ಫೋರ್ ವೀಲ್ ಡ್ರೈವ್ ಎನ್ನುವ ಬಗೆಯದು. ಪಶ್ಚಿಮ ದೇಶಗಳಲ್ಲಾದರೋ ಕ್ಯಾಂಪರ್ ಎಂದರೆ ಅಡುಗೆಯ ಒಲೆ, ಮಲಗುವ ಹಾಸಿಗೆ, ನೀರಿನ ತೊಟ್ಟಿಗಳನ್ನು ತನ್ನೊಳಗೇ ಇರಿಸಿಕೊಂಡ ಮನೆಬಂಡಿ. ಜರ್ಮನಿಯ ಫೋಕ್ಸ್‌ವ್ಯಾಗನ್ ಬಂಡಿಗಳು 1950ರ ದಶಕದಿಂದಲೇ ಇಂತಹ ಮನೆಗಳಾಗಿ ಮಾರ್ಪಟ್ಟವು. ಅಂತಹ ಬಂಡಿಗಳಲ್ಲಿ ಯುರೋಪಿನ ತರುಣರು ತುರ್ಕಿ, ಇರಾನ್, ಅಫ್ಘಾನಿಸ್ತಾನಗಳನ್ನು ಹಾದು ನಮ್ಮ ದೇಶದವರೆಗೂ ಬಂದುದುಂಟು. 1979ರ ರಾಜಕೀಯ ಕ್ಷೋಭೆಗಳು ಆ ಹಾದಿಯನ್ನು ಮುಚ್ಚಿದವು. ನಮ್ಮಲ್ಲಿ ಈ ಎರಡು ಅರ್ಥಗಳೂ ಕೂಡಿಕೊಂಡದ್ದು ತೀರ ಇತ್ತೀಚೆಗೆ. 2022ರಲ್ಲಿ ಮಹೀಂದ್ರಾ ಕಂಪನಿಯು ಬೊಲೆರೊ ಕ್ಯಾಂಪರ್ ಗೋಲ್ಡ್ ವಾಹನದ ಮೇಲೆ ಮನೆಬಂಡಿಗಳನ್ನು ಕಟ್ಟುವುದಕ್ಕಾಗಿ ಕ್ಯಾಂಪರ್‌ವ್ಯಾನ್ ಫ್ಯಾಕ್ಟರಿ ಎಂಬ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತು.

ಹೆಸರು ಹೊಸದಾದರೂ ಚಾಲಿಸುವ ಮನೆಯ ಕಲ್ಪನೆ ನಮ್ಮ ಸಮಾಜಕ್ಕೆ ಹೊಸದಲ್ಲ. ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ದಟ್ಟ ಅಡವಿಯಲ್ಲಿರುವ ಉಳವಿಯನ್ನು ನೆನೆದರೆ ಸಾಕು. ಕಲ್ಯಾಣದ ಕ್ರಾಂತಿಯ ಬಳಿಕ ಚೆನ್ನಬಸವಣ್ಣನವರು ಶರಣರೊಡನೆ ಬಂದು ನೆಲೆಸಿ ಐಕ್ಯರಾದ ಆ ಪುಣ್ಯಕ್ಷೇತ್ರದಲ್ಲಿ ಮಾಘಮಾಸದ ಭಾರತ ಹುಣ್ಣಿಮೆಯ ವೇಳೆಗೆ ಜಾತ್ರೆ ನೆರೆಯುತ್ತದೆ. ಧಾರವಾಡ, ಬೆಳಗಾವಿ ಸೀಮೆಗಳಿಂದ ಭಕ್ತರು ಇಂದಿಗೂ ಚಕ್ಕಡಿಗಳನ್ನು ಹೂಡಿಕೊಂಡು ಹೊರಡುತ್ತಾರೆ. ಬಂಡಿಯ ಮೇಲೆ ಕಮಾನು ಕಟ್ಟಿ, ಒಳಗೆ ಹುಲ್ಲು ಹಾಸಿ, ಅದರ ಮೇಲೆ ಜಮಖಾನ ಹರಡಿ, ರೊಟ್ಟಿಯ ಗಂಟು, ಹಿಂಡಿಯ ಡಬ್ಬ, ಎತ್ತುಗಳ ಮೇವು, ಪೂಜೆಯ ಪರಿಕರಗಳನ್ನೆಲ್ಲ ಹೇರಿಕೊಂಡು ಮನೆಮಂದಿಯೆಲ್ಲ ನಡೆಯುತ್ತಾರೆ. ಹಳ್ಳದ ದಂಡೆಯಲ್ಲಿ ಕೊರಳು ಬಿಚ್ಚಿ, ಮೂರು ಕಲ್ಲನ್ನು ಹೂಡಿ ಅಡುಗೆ ಮಾಡಿ, ಬಂಡಿಯ ಕೆಳಗೆ ಮಲಗಿ, ಬೆಳಗಾಗುವುದಕ್ಕೆ ಮುಂಚೆ ಲಿಂಗಪೂಜೆಯನ್ನು ತೀರಿಸಿಕೊಂಡು ಮುಂದಕ್ಕೆ ಸಾಗುತ್ತಾರೆ. ಲಿಂಗವು ಕೊರಳಲ್ಲಿಯೇ ಇರುವುದರಿಂದ ಭಕ್ತನು ತಂಗಿದ ಎಡೆಯೇ ಅವನ ಪೂಜಾಮಂದಿರವಾಗುತ್ತದೆ. ಈ ಕಾರಣದಿಂದಲೇ ನಮ್ಮವರಿಗೆ ಪಯಣವೆಂಬುದು ಎಂದೂ ಆಚಾರಕ್ಕೆ ತೊಡಕಾಗಿರಲಿಲ್ಲ.

ನಾವು ಐವರು ಸ್ನೇಹಿತರು ಸೇರಿ 2012ರಲ್ಲಿ ಕ್ಯಾಂಪರನ್ನು ಕೊಂಡುದು ಇದೇ ಭಾವನೆಯಿಂದ. ಹಿಂದಿನ ತೊಟ್ಟಿಗೆ ಬಿಚ್ಚಿಡಬಹುದಾದ ಕಮಾನು ಮತ್ತು ಟಾರ್ಪಾಲನ್ನು ಹೊಂದಿಸಿ, ಮಡಚುವ ಮಂಚ, ಸಣ್ಣ ಅನಿಲದ ಒಲೆ, ನೀರಿನ ಕ್ಯಾನು, ಪುಸ್ತಕಗಳ ಎರಡು ಪೆಟ್ಟಿಗೆಗಳನ್ನು ಇರಿಸಿಕೊಂಡೆವು. ಬಂಡಿ ನಿಂತಾಗ ಅದು ಮನೆ. ಓಡುವಾಗ ಸಾಮಾನಿನ ಕೋಣೆ. ವಚನಗಳ ಅಗ್ಗದ ಆವೃತ್ತಿಗಳನ್ನು ಹೇರಿಕೊಂಡು ಉಡುತಡಿ, ಬಳ್ಳಿಗಾವಿ, ಕೂಡಲಸಂಗಮ, ಬಸವಕಲ್ಯಾಣಗಳನ್ನು ನೋಡಿದೆವು. ಶ್ರೀಶೈಲದ ಕದಳಿಯ ದಾರಿಯನ್ನೂ ಮಲೆಯ ಮಾದೇಶ್ವರನ ಬೆಟ್ಟದ ಕಾಡಂಚಿನ ಹಾಡಿಗಳನ್ನೂ ಅದು ನಮಗೆ ತೋರಿಸಿತು. ಮಾಗಡಿ ತಾಲ್ಲೂಕಿನ ವೀರಾಪುರಕ್ಕೆ, ಅಂದರೆ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು ಜನಿಸಿದ ಊರಿಗೆ, ಪೂಜ್ಯರು 2019ರ ಜನವರಿ 21ರಂದು ಲಿಂಗೈಕ್ಯರಾದ ತರುವಾಯ ಹೋಗಿಬಂದುದೂ ಇದರಲ್ಲಿಯೇ. ದೊಡ್ಡ ಬಸ್ಸುಗಳು ತಲುಪದ ಊರುಗಳಲ್ಲಿ ರಾತ್ರಿ ಪ್ರವಚನ ಮುಗಿಸಿದ ಮೇಲೆ ಯಾರ ಮನೆಗೂ ಭಾರವಾಗದೆ ಬಂಡಿಯಲ್ಲಿಯೇ ಮಲಗಬಹುದಾಗಿತ್ತು. ಬಡವರ ಮನೆಯಲ್ಲಿ ಅತಿಥಿಗಳಾಗಿ ಹೋಗುವವರಿಗೆ ಇದು ಸಣ್ಣ ಅನುಕೂಲವೇನಲ್ಲ.

ಕಾಲವು ತನ್ನ ಕೆಲಸವನ್ನು ಮಾಡದೆ ಬಿಡುವುದಿಲ್ಲ. ಐವರಲ್ಲಿ ಒಬ್ಬರು ಲಿಂಗೈಕ್ಯರಾದರು. ಬಂಡಿಯನ್ನು ನಡೆಸುತ್ತಿದ್ದವರ ಕಣ್ಣಿಗೆ ರಾತ್ರಿಯ ಹಾದಿ ಮಸುಕಾಯಿತು. ನನಗಂತೂ ಚಾಲನೆ ಬಾರದು. ಎರಡು ಮಳೆಗಾಲ ವಾಹನವು ನೆರಳಿನಲ್ಲಿ ನಿಂತೇ ಕಳೆಯಿತು. ನಿಂತ ಬಂಡಿಯು ಓಡುವ ಬಂಡಿಗಿಂತ ಬೇಗ ಕೆಡುತ್ತದೆಯೆಂಬುದನ್ನು ಮೆಕ್ಯಾನಿಕರು ಬಲ್ಲರು. ಬ್ಯಾಟರಿ ಸೊರಗುತ್ತದೆ, ಒಂದೇ ಭಂಗಿಯಲ್ಲಿ ಭಾರ ಹೊತ್ತ ಟೈರುಗಳ ಪಕ್ಕೆ ಬಿರಿಯುತ್ತದೆ, ಎಣ್ಣೆ ತಾಗದ ರಬ್ಬರಿನ ಬಿರಡೆಗಳು ಒಣಗಿ ಸೋರತೊಡಗುತ್ತವೆ, ಇಲಿಗಳು ತಂತಿಗಳನ್ನು ಕಡಿಯುತ್ತವೆ. ಶರಣರು ಸ್ಥಾವರ–ಜಂಗಮಗಳ ಅಂತರವನ್ನು ಎಷ್ಟು ಆಳವಾಗಿ ಚಿಂತಿಸಿದರೆಂಬುದನ್ನು ನಾನು ನಲವತ್ತು ವರ್ಷ ಪಾಠ ಹೇಳಿದ್ದೇನೆ. ಅಂಗಳದಲ್ಲಿ ಧೂಳು ಹೊದ್ದು ನಿಂತ ಬಂಡಿಯನ್ನು ದಿನವೂ ಕಾಣುತ್ತ ಆ ಪಾಠ ಬೇರೊಂದು ಬಗೆಯಲ್ಲಿ ಮನಸ್ಸಿಗೆ ಬಂದಿತು. ಚಲಿಸುವುದಕ್ಕಾಗಿ ಹುಟ್ಟಿದ ವಸ್ತುವನ್ನು ಮಮಕಾರದಿಂದ ಕಟ್ಟಿಹಾಕುವುದು ಸರಿಯಲ್ಲವೆಂದು ಉಳಿದ ನಾಲ್ವರೂ ಒಪ್ಪಿದೆವು.

ಕೊಳ್ಳುವವರು ಇಬ್ಬರು ಬಂದರು. ನಗರದ ಮಧ್ಯವರ್ತಿಯೊಬ್ಬರು ಹೆಚ್ಚಿನ ಬೆಲೆಯನ್ನೇ ಹೇಳಿದರು. ಅವರ ಬೇಡಿಕೆ ಒಂದೇ: ವರ್ಗಾವಣೆಯ ಕಾಗದಗಳಿಗೆ ಕೊಳ್ಳುವವರ ಹೆಸರನ್ನು ಬರೆಯದೆ ರುಜು ಹಾಕಿ ಕೊಡಬೇಕು, ಬಂಡಿ ಎಷ್ಟು ಓಡಿದೆ, ಏನು ರಿಪೇರಿಯಾಗಿದೆ ಎಂಬುದನ್ನು ಮುಂದೆ ಕೊಳ್ಳುವವರಿಗೆ ನಾವು ಹೇಳಬಾರದು. ಇನ್ನೊಬ್ಬರು ದೊಡ್ಡಆಲಹಳ್ಳಿಯ ರೇಷ್ಮೆ ಬೆಳೆಗಾರರು. ಅವರು ಹೇಳಿದ ಬೆಲೆ 40,000 ರೂಪಾಯಿಗಳಷ್ಟು ಕಡಿಮೆ. ಅವರಿಗೆ ಬೇಕಾಗಿದ್ದುದು ಮಳೆಗಾಲದ ಕೆಸರಿನಲ್ಲಿಯೂ ತೋಟದಿಂದ ರಸ್ತೆಗೆ ಏರಿಬರಬಲ್ಲ, ಮನೆಮಂದಿಯನ್ನೂ ಗೂಡಿನ ಚೀಲಗಳನ್ನೂ ಒಟ್ಟಿಗೆ ಒಯ್ಯಬಲ್ಲ ಗಟ್ಟಿ ವಾಹನ.

ನಮ್ಮಲ್ಲಿ ಚರ್ಚೆಯೇ ನಡೆಯಲಿಲ್ಲವೆಂದು ಹೇಳಲಾರೆ. ನಾಲ್ವರೂ ನಿವೃತ್ತರು, 40,000 ರೂಪಾಯಿ ಯಾರಿಗೂ ಹಗುರವಾದ ಮೊತ್ತವಲ್ಲ. ಆಗ ನಮ್ಮೊಳಗಿನ ಹಿರಿಯರು ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವನ್ನು ನೆನಪಿಸಿದರು. ಪತಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅಗತ್ಯಕ್ಕೆ ಮೀರಿದ್ದನ್ನು ತಂದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿ ಕಳುಹಿಸಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಆ ಅಕ್ಕಿ ಕದ್ದದ್ದಲ್ಲ, ನೆಲದ ಮೇಲೆ ಚೆಲ್ಲಿದ್ದು. ಆದರೂ ಲಕ್ಕಮ್ಮನವರ ಕಣ್ಣಿಗೆ ಅದರಲ್ಲಿ ಆಸೆಯ ಕಲೆ ಕಾಣಿಸಿತು. ಸುಳ್ಳಿನ ಬೆಲೆಯಾಗಿ ಬರುವ ಹಣದಲ್ಲಿ ಆ ಕಲೆ ಇನ್ನೂ ಎದ್ದು ಕಾಣುತ್ತದೆಯಲ್ಲವೇ ಎಂದು ಹಿರಿಯರು ಕೇಳಿದರು. ಮಾತು ಅಲ್ಲಿಗೆ ಮುಗಿಯಿತು.

ಗೊತ್ತುಮಾಡಿದ ದಿನ ಮುಂಜಾನೆ ಹೊರಟು ದೊಡ್ಡಆಲಹಳ್ಳಿಯನ್ನು ತಲುಪುವ ವೇಳೆಗೆ ಬಿಸಿಲು ಏರಿತ್ತು. ಕೊಳ್ಳುವವರು ಮೆಕ್ಯಾನಿಕನೊಬ್ಬನನ್ನು ಕರೆಸಿದ್ದರು. ಅವನು ಕೇಳುವುದಕ್ಕೆ ಮುನ್ನವೇ ಬಂಡಿಯ ಗುಣದೋಷಗಳ ಪಟ್ಟಿಯನ್ನು ಅವರ ಕೈಗೆ ಕೊಟ್ಟೆವು. ಓಟ 1,86,000 ಕಿಲೋಮೀಟರು. ಕ್ಲಚ್ಚಿನ ತಟ್ಟೆ ಒಮ್ಮೆ ಬದಲಾಗಿದೆ. ಎಡಬದಿಯ ಹಿಂದಿನ ಪಟ್ಟಿ ಸ್ಪ್ರಿಂಗಿನ ಒಂದು ಎಲೆ ಹೊಸದು. ಬಾಗಿಲುಗಳ ಕೆಳಗಂಚಿನಲ್ಲಿ ತುಕ್ಕು ಹತ್ತಿದೆ. ನಾಲ್ಕು ಟೈರುಗಳಲ್ಲಿ ಎರಡನ್ನು ಬೇಗ ಬದಲಿಸಬೇಕು. ಇವೆಲ್ಲ ವಯಸ್ಸಿನಿಂದಲೂ ಹಾದಿಯ ಸವೆತದಿಂದಲೂ ಬಂದವು.

ನಾಲ್ಕು ಚಕ್ರಗಳ ಚಾಲನೆಯುಳ್ಳ ಹಳೆಯ ಬಂಡಿಯನ್ನು ಕೊಳ್ಳುವವರು ಏನನ್ನು ನೋಡಬೇಕೆಂಬುದನ್ನು ಆ ಮೆಕ್ಯಾನಿಕನಿಂದ ನಾನೂ ಕಲಿತೆ. ಮುಂದಿನ ಮತ್ತು ಹಿಂದಿನ ಅಚ್ಚುಗಳ ಗೇರುಪೆಟ್ಟಿಗೆಯಿಂದ ಅವನು ಒಂದಿಷ್ಟು ಎಣ್ಣೆಯನ್ನು ತೆಗೆದು ಬೆಳಕಿಗೆ ಹಿಡಿದನು. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಹಳ್ಳ ದಾಟುವಾಗ ನೀರು ಒಳಹೊಕ್ಕಿದೆಯೆಂದು ಅರ್ಥ. ನಮ್ಮದು ಕಂದು ಬಣ್ಣದಲ್ಲಿಯೇ ಇತ್ತು. ಬಂಡಿಯ ಕೆಳಗೆ ಮಲಗಿ ಚೌಕಟ್ಟಿನ ಬೆಸುಗೆಗಳನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿದನು. ಬಲವನ್ನು ಅಚ್ಚಿಗೆ ಸಾಗಿಸುವ ದಂಡಗಳ ಕೀಲುಗಳನ್ನು ಕೈಯಿಂದ ಅಲುಗಿಸಿದನು. ಬಳಿಕ ತೋಟದ ಹಸಿ ಮಣ್ಣಿನ ಏರಿಗೆ ಒಯ್ದು ಸಣ್ಣ ಸನ್ನೆಯನ್ನು ಎಳೆದು ನಾಲ್ಕು ಚಕ್ರಗಳನ್ನೂ ಜೋಡಿಸಿ ಏರಿಸಿದನು. ಬಂಡಿ ಗುಡುಗಿತು, ಜಾರಲಿಲ್ಲ. ಒಣಗಿದ ಡಾಂಬರು ರಸ್ತೆಯ ಮೇಲೆ ಈ ಜೋಡಣೆಯನ್ನು ಹಾಕಿಕೊಂಡು ಓಡಿಸಬಾರದೆಂದೂ, ತಿರುವುಗಳಲ್ಲಿ ಮುಂದಿನ ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಉರುಳಬೇಕಾದುದರಿಂದ ಹಲ್ಲುಗಳು ಬಿಗಿದು ಸವೆಯುತ್ತವೆಂದೂ ಮನೆಯ ತರುಣನಿಗೆ ತಿಳಿಸಿದನು. ನಾಲ್ಕು ಟೈರುಗಳೂ ಒಂದೇ ಅಳತೆಯವಾಗಿರಬೇಕೆಂಬುದಕ್ಕೂ ಇದೇ ಕಾರಣ.

ಆ ಮನೆಯ ಗೃಹಿಣಿಯು ಹುಳುಮನೆಯನ್ನು ತೋರಿಸಿದರು. ಮೊಟ್ಟೆಯೊಡೆದ ಮರಿ ನಾಲ್ಕು ಬಾರಿ ಪೊರೆ ಕಳಚಿ, ಸುಮಾರು ನಾಲ್ಕು ವಾರ ಹಿಪ್ಪುನೇರಳೆಯ ಸೊಪ್ಪನ್ನು ತಿಂದು, ಹಣ್ಣಾಗಿ ಚಂದ್ರಿಕೆಯನ್ನು ಏರುತ್ತದೆ. ಅಲ್ಲಿಂದ ಮುಂದೆ ದಿನಗಳ ಲೆಕ್ಕ. ಗೂಡು ಕಟ್ಟಿ ಒಳಗಿನ ಹುಳು ಕೋಶವಾಗಿ ಗಟ್ಟಿಯಾದ ಮೇಲೆ ಬಿಡಿಸಬೇಕು. ತಡಮಾಡಿದರೆ ಚಿಟ್ಟೆ ಗೂಡನ್ನು ತೂತುಮಾಡಿ ಹೊರಬಂದು ನೂಲು ಕಡಿದುಹೋಗುತ್ತದೆ. ಬಿಡಿಸಿದ ಗೂಡನ್ನು ಒತ್ತಿ ತುಂಬುವಂತಿಲ್ಲ, ಬಿಸಿಲಿಗೆ ಬೇಯಿಸುವಂತಿಲ್ಲ, ಮಳೆಗೆ ನೆನೆಸುವಂತಿಲ್ಲ. ತಂಪು ಹೊತ್ತಿನಲ್ಲಿ, ಗಾಳಿಯಾಡುವಂತೆ, ರಾಮನಗರದ ಸರ್ಕಾರಿ ಗೂಡಿನ ಮಾರುಕಟ್ಟೆಗೆ ಮುಟ್ಟಿಸಬೇಕು. ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರಾದ ಆ ಮಾರುಕಟ್ಟೆಯಲ್ಲಿ ಹರಾಜಿನ ದಿನದ ದರವೇ ಆ ಮನೆಯ ಒಂದು ತಿಂಗಳ ಶ್ರಮದ ಫಲ. ಹಿಂದಿನ ವರ್ಷ ಬಾಡಿಗೆಯ ಬಂಡಿ ಸಮಯಕ್ಕೆ ಬಾರದೆ ಒಂದು ಬೆಳೆ ಮಂಕಾಯಿತೆಂದು ಆಕೆ ಹೇಳಿದರು. ಪುಸ್ತಕಗಳಿಗೆ ಮಳೆ ತಾಗದಿರಲೆಂದು ನಾವು ಹೊಲಿಸಿದ್ದ ಟಾರ್ಪಾಲನ್ನು ಆಕೆ ಬೆರಳಿನಿಂದ ಮುಟ್ಟಿ ನೋಡಿದರು. ಅದರ ಎರಡು ಬದಿಗಳಲ್ಲಿಯೂ ಗಾಳಿಗಾಗಿ ಬಲೆಯ ಕಿಟಕಿಗಳಿದ್ದವು. ‘ನಮಗಾಗಿಯೇ ಹೊಲಿಸಿದ ಹಾಗಿದೆ’ ಎಂದರು.

ಮರಳಿದ ಮೇಲೆ ಸ್ನೇಹಿತರೊಬ್ಬರು ಆಕ್ಷೇಪವೆತ್ತಿದರು. ವಚನಗಳನ್ನು ಹೊತ್ತ ಬಂಡಿಯು ಇನ್ನು ಕುದಿನೀರಿಗೆ ಹೋಗುವ ಜೀವಗಳನ್ನು ಹೊರುವುದೇ, ದಯೆಯೇ ಮೂಲವೆಂದ ಧರ್ಮಕ್ಕೆ ಇದು ಒಪ್ಪುವುದೇ ಎಂಬುದು ಅವರ ಪ್ರಶ್ನೆ. ಇದು ಲಘುವಾದ ಪ್ರಶ್ನೆಯಲ್ಲ. ನಾನು ಅದಕ್ಕೆ ಸಿದ್ಧ ಉತ್ತರವನ್ನು ಇಟ್ಟುಕೊಂಡವನೂ ಅಲ್ಲ. ಆದರೆ ನಮ್ಮ ಮನೆಗಳ ಮದುವೆಗಳಲ್ಲಿ ರೇಷ್ಮೆಯ ಸೀರೆಗಳಿಗೆ ಕೊರತೆಯಿಲ್ಲ. ಉಡುವವರು ಶುದ್ಧರು, ಬೆಳೆಯುವವರು ಮಾತ್ರ ಹಿಂಸಕರು ಎಂಬ ತೀರ್ಪು ಶರಣರ ತೂಕದಲ್ಲಿ ನಿಲ್ಲುವಂತಹುದಲ್ಲ. ಪ್ರಶ್ನೆ ಎತ್ತುವುದಾದರೆ ಅದು ನಮ್ಮ ಬೀರುವಿನಿಂದಲೇ ಆರಂಭವಾಗಬೇಕು. ಅಕ್ಕಮಹಾದೇವಿಯವರು ಇದೇ ಹುಳುವನ್ನು ದೃಷ್ಟಾಂತವಾಗಿ ತೆಗೆದುಕೊಂಡು ವಚನವೊಂದರಲ್ಲಿ ಮನದ ಬಯಕೆಯ ಬಂಧನವನ್ನು ಕಾಣಿಸಿದ್ದಾರೆ. ಹುಳುಮನೆಯ ಚಂದ್ರಿಕೆಯ ಮುಂದೆ ನಿಂತಾಗ ನನಗೆ ಆ ವಚನವೇ ನೆನಪಾಯಿತು; ಹದಿಮೂರು ವರ್ಷಗಳ ಪಯಣದ ನೂಲಿನಿಂದ ನಾವು ಆ ಬಂಡಿಯ ಸುತ್ತ ಹೆಣೆದಿದ್ದ ಗೂಡೂ ನೆನಪಾಯಿತು.

ಇನ್ನು ಕಾಗದಗಳ ವಿಚಾರ. ನಮ್ಮ ಅನೇಕ ಕುಟುಂಬಗಳು ನಂಬಿಕೆಯ ಮೇಲೆಯೇ ವಾಹನವನ್ನು ಮಾರಿ, ಹಣ ಪಡೆದು, ಕೀಲಿಕೈ ಕೊಟ್ಟು ಸುಮ್ಮನಾಗುವುದರಿಂದ ಇದನ್ನು ವಿವರವಾಗಿ ಬರೆಯುವುದು ಅವಶ್ಯ. 1988ರ ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನಂತೆ, ಒಂದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನಗಳೊಳಗಾಗಿಯೂ ಕೊಂಡವರು 30 ದಿನಗಳೊಳಗಾಗಿಯೂ ನೋಂದಣಿ ಅಧಿಕಾರಿಗೆ ವರದಿ ಮಾಡಬೇಕು. ಇದಕ್ಕೆ 29 ಮತ್ತು 30ನೆಯ ನಮೂನೆಗಳಿವೆ. ವಿಮೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಕೊಂಡವರು 14 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಹೆಸರು ವರ್ಗಾವಣೆಯಾಗದೆ ಉಳಿದ ವಾಹನದಿಂದ ಅಪಘಾತವಾದರೆ, ಎಷ್ಟು ಕೈ ಬದಲಾಗಿದ್ದರೂ ಕಡತದಲ್ಲಿ ಹೆಸರಿರುವವರೇ ಮಾಲೀಕರೆಂದು ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿಯಲ್ಲಿ ತೀರ್ಪು ನೀಡಿದೆ. ಹೆಸರಿಲ್ಲದ ಕಾಗದಕ್ಕೆ ರುಜು ಹಾಕುವವರು ಇದನ್ನು ಮನಸ್ಸಿನಲ್ಲಿಡಬೇಕು. ಹಳೆಯ ವಾಹನಗಳ ವ್ಯಾಪಾರಿಗಳಿಗೂ 2023ರ ಏಪ್ರಿಲ್ 1ರಿಂದ ಹೊಸ ನಿಯಮಗಳು ಬಂದಿವೆ. ಅವರು ಅಧಿಕೃತ ಮಾನ್ಯತೆಯನ್ನು ಪಡೆದಿರಬೇಕು; ಬಂಡಿ ಅವರ ಕೈಸೇರಿದ ಸಂಗತಿಯನ್ನು ನೋಂದಣಿ ಅಧಿಕಾರಿಗೆ ತಿಳಿಸಬೇಕು.

ದೊಡ್ಡಆಲಹಳ್ಳಿಯವರು ರಾಮನಗರದ ಸಾರಿಗೆ ಕಚೇರಿಯ ವ್ಯಾಪ್ತಿಗೆ ಸೇರುತ್ತಾರೆ. ಅಲ್ಲಿ ನೋಂದಾಯಿತವಾಗುವ ವಾಹನಗಳ ಸಂಖ್ಯೆ ಕೆಎ 42 ಎಂದು ಆರಂಭವಾಗುತ್ತದೆ. ಬ್ಯಾಂಕಿನ ಸಾಲವು ತೀರಿದ್ದಕ್ಕೆ 35ನೆಯ ನಮೂನೆ, ತೆರಿಗೆ ಮತ್ತು ಹೊಗೆ ತಪಾಸಣೆಯ ಪತ್ರಗಳು, ಯೋಗ್ಯತಾ ಪತ್ರ, ದಂಡ ಬಾಕಿಯಿಲ್ಲವೆಂಬ ಖಾತರಿ ಇವೆಲ್ಲವನ್ನೂ ಮೊದಲೇ ಜೋಡಿಸಿದ್ದೆವು. ಮುಂಗಾಜಿನ ಮೇಲಿನ ಫಾಸ್ಟ್ಯಾಗನ್ನು ಕಿತ್ತು ಖಾತೆಯನ್ನು ಮುಚ್ಚಿಸಿದೆವು. ವಾಹನವು ನೋಂದಣಿ ಪತ್ರದಲ್ಲಿ ನಮೂದಾದ ಸ್ವರೂಪದಲ್ಲಿಯೇ ಇರಬೇಕೆಂಬುದು ಕಾನೂನು. ಆದ್ದರಿಂದ ಮಂಚ, ಒಲೆ, ಪೆಟ್ಟಿಗೆಗಳನ್ನು ಇಳಿಸಿಕೊಂಡೆವು. ಟಾರ್ಪಾಲನ್ನೂ ಅದರ ಕಮಾನನ್ನೂ ಅವರಿಗೇ ಬಿಟ್ಟೆವು. ಮಠದ ಪಾಠಶಾಲೆಯಲ್ಲಿ ಉಂಡ ಎಲೆಯನ್ನು ತೆಗೆದು, ಬಳಸಿದ ಪಾತ್ರೆಯನ್ನು ತೊಳೆದು ಬೋರಲಿಟ್ಟ ಹೊರತು ಪಂಕ್ತಿಯಿಂದ ಏಳಬಾರದೆಂಬ ನಿಯಮವಿತ್ತು. ಮುಂದೆ ಬರುವವನಿಗೆ ಪಾತ್ರೆ ಸಿದ್ಧವಾಗಿ ಸಿಗಬೇಕೆಂಬುದು ಅದರ ಉದ್ದೇಶ. ಕಾಗದಗಳನ್ನು ಸರಿಪಡಿಸಿ ಕೊಡುವುದೂ ಆ ಬಗೆಯ ಕೆಲಸವೇ.

ಬಂದ ಹಣದ ಒಂದು ಪಾಲು ಲಿಂಗೈಕ್ಯರಾದ ಸ್ನೇಹಿತರ ಮನೆಯವರಿಗೆ ಸಂದಿತು. ಉಳಿದುದರಿಂದ ವಿದ್ಯಾರ್ಥಿನಿಲಯವೊಂದಕ್ಕೆ ಪುಸ್ತಕದ ಪೆಟ್ಟಿಗೆಗಳನ್ನು ತುಂಬಿಸಿ ಕೊಡಬೇಕೆಂದು ತೀರ್ಮಾನಿಸಿದೆವು. ಇದನ್ನು ತ್ಯಾಗವೆಂದು ಕರೆಯಲು ನಾಚಿಕೆಯಾಗುತ್ತದೆ. ವಚನಗಳ ಪ್ರಕಟಣೆಗಾಗಿ 1925ರಲ್ಲಿ ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಕಟ್ಟಲು ಫ.ಗು. ಹಳಕಟ್ಟಿಯವರು ತಮ್ಮ ವಾಸದ ಮನೆಯನ್ನೇ ಮಾರಿದರು. ಮರುವರ್ಷವೇ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ತಾಳೆಗರಿಗಳಲ್ಲಿ ಹುಳು ಹಿಡಿಯುತ್ತಿದ್ದ ಶರಣರ ಮಾತುಗಳು ಇಂದು ನಮ್ಮ ಮನೆಗಳ ಕಪಾಟಿನಲ್ಲಿರುವುದಕ್ಕೆ ಅಂತಹ ಮಾರಾಟಗಳು ಕಾರಣ. ನಾವು ಮಾರಿದ್ದು ಬಿಡುವಿನ ಕಾಲದ ಬಂಡಿಯೊಂದನ್ನು ಮಾತ್ರ.

ಊಟವಾದ ಮೇಲೆ ಬಸ್ಸನ್ನು ಹಿಡಿದು ಸಂಗಮಕ್ಕೆ ಹೋದೆವು. ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿಯು ಅಲ್ಲಿ ತನ್ನ ನೀರನ್ನು ಕಾವೇರಿಗೆ ಒಪ್ಪಿಸುತ್ತದೆ. ಅದರಾಚೆಗೆ ಮೇಕೆದಾಟುವಿನಲ್ಲಿ ಕಾವೇರಿಯು ಕಲ್ಲಿನ ಇಕ್ಕಟ್ಟಿನಲ್ಲಿ ನುಗ್ಗಿ ತಮಿಳುನಾಡಿನ ಕಡೆಗೆ ಸಾಗುತ್ತದೆ. 1987ರಲ್ಲಿ ಘೋಷಿತವಾದ ಕಾವೇರಿ ವನ್ಯಧಾಮದ ಬೆಟ್ಟಗಳು ಎರಡೂ ದಡಗಳಲ್ಲಿ ನಿಂತಿವೆ. ಇಲ್ಲಿಗೆ ಬರುವ ಕುಟುಂಬಗಳು ನೀರಿನ ಸೆಳೆತವನ್ನು ಅರಿತು ದಡದಲ್ಲಿಯೇ ಮೀಯಬೇಕು, ಪ್ಲಾಸ್ಟಿಕ್ಕನ್ನು ಎಸೆಯಬಾರದು, ಕತ್ತಲಾಗುವ ಮುನ್ನ ಕಾಡನ್ನು ದಾಟಬೇಕು. ಸಂಜೆಯ ಮೇಲೆ ಆ ರಸ್ತೆ ಆನೆಗಳದು.

ಇದನ್ನು ಓದುವ ಗೃಹಸ್ಥರ ಅಂಗಳದಲ್ಲಿಯೂ ಹಳೆಯ ಜೀಪೋ, ಟ್ರ್ಯಾಕ್ಟರೋ, ತಂದೆಯವರ ಸ್ಕೂಟರೋ ಧೂಳು ಹೊದ್ದು ನಿಂತಿರಬಹುದು. ಮಾರುವುದಕ್ಕೆ ಮನಸ್ಸು ಬಾರದು, ಓಡಿಸುವುದಕ್ಕೆ ಕೈಲಾಗದು. ಅದು ಇನ್ನೂ ದುಡಿಯಬಲ್ಲದಾಗಿರುವಾಗಲೇ ಅದರ ಅಗತ್ಯವುಳ್ಳವರನ್ನು ಹುಡುಕಿರಿ. ದೋಷಗಳನ್ನು ಮೊದಲೇ ಹೇಳಿರಿ. ತಕ್ಕ ಬೆಲೆಯನ್ನು ಪಡೆಯಿರಿ. ಹೆಸರು ವರ್ಗಾವಣೆಯಾಗಿ ಹೊಸ ನೋಂದಣಿ ಪತ್ರದ ಪ್ರತಿ ಕೈಸೇರುವವರೆಗೂ ಕೆಲಸ ಮುಗಿಯಿತೆಂದು ಭಾವಿಸಬೇಡಿರಿ. ದೊಡ್ಡಆಲಹಳ್ಳಿಯಿಂದ ಆ ಪ್ರತಿ ನಮಗೆ ಇಪ್ಪತ್ತೆರಡನೆಯ ದಿನ ಬಂದಿತು. ಅದರ ಜೊತೆಗೆ ಬಂದ ಚೀಟಿಯಲ್ಲಿ ಮೊದಲ ಗೂಡು ರಾಮನಗರವನ್ನು ಬೆಳಗಿನ ಹರಾಜಿಗೆ ಸರಿಯಾಗಿ ತಲುಪಿತೆಂದು ಬರೆದಿತ್ತು.